ಮಾಳಿಗೆಯ ಮಣ್ಣು

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ನನ್ನ ಗಂಡ ತೀರಿಕೊಂಡರು. ಬಸವಕಲ್ಯಾಣದಲ್ಲಿ ಅವರು ಬಾಡಿಗೆಗೆ ಕೊಟ್ಟಿದ್ದ ಮನೆ ನನ್ನ ಕೊರಳಿಗೆ ಬಿತ್ತು. ನಾನಿದ್ದದ್ದು ಹುಮನಾಬಾದಿನಲ್ಲಿ. ವರ್ಷಕ್ಕೊಮ್ಮೆ, ಮುಂಗಾರಿನ ಮಿರಗದ ಮಳೆಗೆ ಮುಂಚೆ, ಬಸ್ಸು ಹಿಡಿದು ಹೋಗಿ ಆ ಮನೆಯ ಮಾಳಿಗೆಗೆ ಮಣ್ಣು ಹಾಕಿಸುತ್ತಿದ್ದೆ. ಕಲ್ಲಿನ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು. ಮೋರಖಂಡಿ ಕಡೆಯಿಂದ ಎರಡು ಬಂಡಿ ಸವಳು ಮಣ್ಣು ತರಿಸಿ, ಹರಡಿ, ನೀರು ಚಿಮುಕಿಸಿ ಬಡಿಸಿದರೆ ಒಂದು ಹನಿ ಒಳಗಿಳಿಯುತ್ತಿರಲಿಲ್ಲ.

"ಮಣ್ಣ ಹಾಕದ ವರ್ಷ ಮನಿ ಬಿತ್ತಂತ ತಿಳಿ" ಎಂದು ನಮ್ಮ ಮಾವ ಹೇಳುತ್ತಿದ್ದರು. ನಾಲ್ಕಾರು ವರ್ಷಕ್ಕೊಮ್ಮೆ ಹಳೆಯ ಮಣ್ಣು ಕೆತ್ತಿ ಇಳಿಸಬೇಕೆಂದೂ ಹೇಳಿದ್ದರೋ ಏನೋ. ಹೇಳಿರಲಿಲ್ಲ ಎಂದುಕೊಂಡರೆ ನನ್ನ ಕಣ್ಣಿಗೆ ನಿದ್ದೆ ಹತ್ತುತ್ತದೆ. ಹಾಗಾಗಿ ಹಾಗೆಯೇ ಅಂದುಕೊಳ್ಳುತ್ತೇನೆ.

ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಾನು ಮಣ್ಣಿನ ಮೇಲೆ ಮಣ್ಣು ಹಾಕಿಸಿದೆ. ಓಣಿಯ ಬೇರೆ ಮನೆಗಳು ಸೋರುವಾಗ ನನ್ನದು ಸೋರುವುದಿಲ್ಲ ಎಂಬ ಸೊಕ್ಕು ಬೇರೆ.

ಆ ಮನೆಯಲ್ಲಿ ಒಬ್ಬ ದರ್ಜಿ ಹೆಂಡತಿಯೊಂದಿಗೆ ಇದ್ದ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್. ಬಸವಕಲ್ಯಾಣದ ಅರ್ಧ ಊರಿನ ಅಂಗಿ ಅವನ ಕೈಯಲ್ಲೇ ಆಗುತ್ತಿತ್ತು. ಒಂದು ವರ್ಷ ಬೇಸಿಗೆಯ ಅಡ್ಡಮಳೆ ಬಿದ್ದಾಗ ಅವನೇ ಹುಮನಾಬಾದಿಗೆ ಬಂದು ಹೇಳಿದ, "ಮುಂದಿನ ಖೋಲಿ ಸೋರಾಕತ್ತದ್ರಿ ಅಕ್ಕಾರ."

ನನ್ನ ಮಾಳಿಗೆ ಸೋರುವುದೇ! ಹೋಗಿ ಹತ್ತಿ ನೋಡಿದೆ. ಮಿಷನ್ ಇರುವ ಜಾಗಕ್ಕೆ ಸರಿಯಾಗಿ ಮಾಳಿಗೆ ಹರಿವಾಣದಂತೆ ತಗ್ಗಾಗಿ ನೀರು ನಿಂತಿತ್ತು. ತಗ್ಗಿದ್ದರೆ ತುಂಬಿಸಿದರಾಯಿತು. ಒಂದು ಬಂಡಿ ಮಣ್ಣು ಹೆಚ್ಚಿಗೆ ಹೇಳಿದೆ.

ದರ್ಜಿ ಕೆಳಗಿನಿಂದ ತೊಲೆ ತೋರಿಸಿದ. "ತೊಲಿ ಬಾಗ್ಯದ್ರಿ, ಅದಕ್ಕ ಮ್ಯಾಲ ತಗ್ಗ ಬಿದ್ದದ. ಮಣ್ಣ ಇಳಸ್ರಿ, ಏರಸಬ್ಯಾಡ್ರಿ. ಕೆಳಗ ಕುಂತು ಹೊಲಿಯಾಂವ ನಾ ಇದ್ದೇನ್ರಿ."

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ನನ್ನ ಮನಿ ಹ್ಯಾಂಗ ನೋಡ್ಕೋಬೇಕಂತ ನೀ ಹೇಳಾಕ ಬರಬ್ಯಾಡ. ಹೋಗು, ಮಿಷನ್ ತುಳಿ" ಎಂದೆ. ಮಣ್ಣು ಬಡಿಯುವಾಗ ಕೆಳಗೆ ಅವನ ಮಿಷನ್ ಮೇಲೆ ಧೂಳು ಉದುರುತ್ತಿತ್ತು. ಒರೆಸಿಕೊಂಡ.

ಆ ಮಳೆಗಾಲದಲ್ಲಿ ಒಂದು ಹನಿಯೂ ಸೋರಲಿಲ್ಲ. ಮಣ್ಣು ನೀರು ಕುಡಿದು ಭಾರವಾಗಿ, ಮೂರು ದಿನದ ಜಡಿಮಳೆಯ ಮರುದಿನ, ಹಾಡಹಗಲೇ ತೊಲೆ ಮುರಿಯಿತು. ಹೆಂಡತಿ ನೀರಿಗೆ ಹೋಗಿದ್ದಳು, ಉಳಿದಳು. ಅವನೂ ಉಳಿದ. ತೊಲೆಯ ತುದಿ ಮಿಷನ್ ಮೇಲಿದ್ದ ಬಲಗೈಗೆ ಬಿದ್ದಿತ್ತು. ದವಾಖಾನೆಯಲ್ಲಿ ಮಣಿಕಟ್ಟಿನವರೆಗೆ ತೆಗೆದರು.

ನಾನು ನೋಡಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಮನೆಯಲ್ಲಿ ಕೂತು ಅತ್ತೆ, ಅಷ್ಟೇ. ಆ ಅಳುವಿನಿಂದ ಯಾರಿಗೂ ಏನೂ ಆಗಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ನಮ್ಮ ಕಟ್ಟೆಯ ಮುಂದೆ ನಿಂತಿದ್ದ. ಹೆಂಡತಿಯ ತವರು ಕೊಹಿನೂರಿಗೆ ಹೋಗುತ್ತೇವೆ, ಕೀಲಿಕೈ ಕೊಡಲು ಬಂದೆ ಎಂದ. ನಾನು ಕೈ ಚಾಚಿದೆ. ಅವನು ಕೊಡಲಿಲ್ಲ. ಬಗ್ಗಿ ಕಟ್ಟೆಯ ಮೇಲೆ ಇಟ್ಟ.

"ಎಡಗೈಲೆ ನಿಮ್ಮ ಕೈಯಾಗ ಹ್ಯಾಂಗ ಕೊಡ್ಲಿ ಅಕ್ಕಾರ? ತಪ್ಪ ತಿಳಕೋಬ್ಯಾಡ್ರಿ."

ಅವನು ಓಣಿಯ ತಿರುವು ದಾಟುವವರೆಗೂ ನನ್ನ ಬಲಗೈ ಚಾಚಿದಂತೆಯೇ ಇತ್ತು.