ಶೂ ಹೊರಗೆ, ಬಟ್ಟೆ ಮೆಷಿನ್‌ಗೆ, ಕೈ ಸಾಬೂನಿಗೆ

ಮರೆವಿನಲ್ಲಿ ನನ್ನನ್ನು ಮೀರಿಸುವವರು ನಮ್ಮ ವಂಶದಲ್ಲೇ ಇಲ್ಲ. ಮೆಡಿಕಲ್ ಕಾಲೇಜಿನ ಕೊನೆಯ ಪರೀಕ್ಷೆಗೆ ಹಾಲ್ ಟಿಕೆಟ್ ಬಿಟ್ಟು, ಟಿಫಿನ್ ಡಬ್ಬಿಯನ್ನು ಜೋಪಾನವಾಗಿ ಒಯ್ದವನು ನಾನು. ಇಂಥವನಿಗೆ ಕೊರೋನಾ ವಾರ್ಡಿನ ಡ್ಯೂಟಿ ಬಿತ್ತು. ಪರದೇಶದ ಸ್ವೋರ್ಡ್ಸ್ ಎಂಬ ಊರಿನ ನಮ್ಮ ಮನೆಯಲ್ಲಿ ಹೆಂಡತಿಗೆ ಆಸ್ತಮಾ. ನಾನು ಒಂದು ಸಲ ಮರೆತರೂ ಕುತ್ತು ಅವಳ ಉಸಿರಿಗೆ. ಆ ಭಯಕ್ಕೆ ಮೂಲೆಯ ಪುಟ್ಟ ಕೋಣೆಗೆ ಗಂಟುಮೂಟೆ ಸಾಗಿಸಿದೆ.

ಆರು ವರ್ಷದ ಮಗಳು ಗೋಡೆಯ ಆಚೆ. ಇಬ್ಬರೂ ಫೋನಿನಲ್ಲಿ ಮಾತಾಡುತ್ತ ಒಂದೇ ವಿಡಿಯೋ ನೋಡುತ್ತಿದ್ದೆವು: ಜಪಾನಿನ ೨೨೩ ಮಾದರಿಯ ಎಲೆಕ್ಟ್ರಿಕ್ ರೈಲು, ಸಣ್ಣ ಸ್ಟೇಷನ್‌ಗಳನ್ನು ಕ್ಯಾರೇ ಅನ್ನದೆ ನಗರದಿಂದ ನಗರಕ್ಕೆ ಓಡುವ ಎಕ್ಸ್‌ಪ್ರೆಸ್. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಆ ದಿನಗಳಲ್ಲಿ ಅದೇ ನಮ್ಮ ಪ್ರವಾಸ. ಬಿಳಿ ಗ್ಲೌಸಿನ ಡ್ರೈವರ್ ಪ್ರತಿ ಸಿಗ್ನಲ್‌ಗೂ ಬೆರಳು ತೋರಿಸಿ ಏನೋ ಕೂಗುತ್ತಿದ್ದ. ಪಕ್ಕದಲ್ಲಿ ನರಪಿಳ್ಳೆಯೂ ಇಲ್ಲ.

"ಹೂ ಈಸ್ ಹೀ ಟಾಕಿಂಗ್ ಟು, ಅಪ್ಪಾ?"

"ತನಗೇ ಹೇಳ್ಕೋತಾನೆ ಪುಟ್ಟಿ. ಬೆರಳು ತೋರ್ಸಿ ಬಾಯಲ್ಲಿ ಹೇಳಿದ್ರೆ ಮರೆಯೋದಿಲ್ಲ."

"ಯೂ ಶುಡ್ ಡೂ ದ್ಯಾಟ್, ಸೋ," ಎಂದಳು, ಈ ಊರಿನವರಂತೆ ಕೊನೆಗೊಂದು 'ಸೋ' ಸೇರಿಸಿ.

ಮರುದಿನದಿಂದಲೇ ಶುರು. ಹಿತ್ತಿಲ ಬಾಗಿಲಲ್ಲಿ ನಿಂತು ಬೆರಳು ತೋರಿಸಿ, "ಶೂ ಹೊರಗೆ!" ಅಡುಗೆಮನೆಗೂ ಮೊದಲು ಸಿಗುವ ಬಟ್ಟೆ ಒಗೆಯುವ ಕೋಣೆಗೆ ಬಂದು, "ಬಟ್ಟೆ ಮೆಷಿನ್‌ಗೆ!" ಅಲ್ಲಿಯ ಸಿಂಕಿನ ಮುಂದೆ, "ಕೈ ಸಾಬೂನಿಗೆ!" ಪಕ್ಕದ ಮನೆಯ ಅಜ್ಜ ಬೇಲಿಯ ಮೇಲಿಂದ ಇಣುಕಿ, "ಆಲ್‌ರೈಟ್ ದೇರ್, ಡಾಕ್ಟರ್?" ಎಂದರು. "ಗ್ರ್ಯಾಂಡ್!" ಎಂದೆ, ತೆರೆದ ಬಾಗಿಲಲ್ಲಿ ಬರೀ ಚಡ್ಡಿಯಲ್ಲಿ ನಿಂತು.

"ಕನ್ನಡದಲ್ಲೇ ಕೂಗ್ಕೊಳ್ರೀ," ಎಂದಳು ಹೆಂಡತಿ ಒಳಗಿನಿಂದ. "ಅವ್ರಿಗೆ ಅರ್ಥ ಆದ್ರೆ ಇನ್ನೂ ಕಷ್ಟ."

ಹತ್ತೇ ದಿನದಲ್ಲಿ ನನಗೆ ಕೋಡು ಮೂಡಿತು. ಮರೆವು ಹೋಯಿತೆಂದು ವಾರ್ಡಿನ ನರ್ಸುಗಳಿಗೆಲ್ಲ ಉಪದೇಶ ಬೇರೆ. ಅವರು ಪಾಪ, ತಲೆಯಾಡಿಸುತ್ತಿದ್ದರು.

ಒಂದು ಮಧ್ಯಾಹ್ನ ವಾರ್ಡಿನಲ್ಲಿ ಒಬ್ಬರು ತೀರಿಕೊಂಡರು. ಅವರ ಮಗನಿಗೆ ಕೊನೆಯ ಸಲ ಮುಖ ತೋರಿಸಲು ಫೋನ್ ಹಿಡಿದು ನಿಂತವನು ನಾನೇ. ಸಂಜೆ ಮನೆಗೆ ಬಂದಾಗ ಬೆರಳೂ ಏಳಲಿಲ್ಲ, ಬಾಯಿಯೂ ತೆರೆಯಲಿಲ್ಲ. ಶೂ ಕಳಚಿದೆ, ಬಟ್ಟೆ ಮೆಷಿನ್‌ಗೆ ತುರುಕಿದೆ, ನನ್ನ ಕೋಣೆಗೆ ದಾರಿಯಾದ ಅಡುಗೆಮನೆಯ ಗಾಜಿನ ಬಾಗಿಲಿಗೆ ಕೈ ಚಾಚಿದೆ. ಅದರಾಚೆ ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಳು.

"ಹ್ಯಾಂಡ್ಸ್!"

ಗಾಜಿನ ಹಿಂದೆ ಮಗಳು, ನನ್ನ ಕೈಗೇ ಬೆರಳು ತೋರಿಸಿ ನಿಂತಿದ್ದಳು. ದಿನವೂ ಅಲ್ಲೇ ನಿಂತು, ನಾನು ಒಂದೊಂದು ಕೂಗಿದಾಗಲೂ ತಾನೂ ಬೆರಳು ತೋರಿಸುತ್ತಿದ್ದಳಂತೆ. ನನ್ನದೇ ಕೂಗಾಟದ ಸಂಭ್ರಮದಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ.

ಚಾಚಿದ ಕೈ ಹಿಂದಕ್ಕೆಳೆದುಕೊಂಡೆ. ಸಿಂಕಿನ ಕಡೆ ತಿರುಗಿದೆ. ಅವಳು ಬಿಡಲಿಲ್ಲ.

"ನೋ, ಅಪ್ಪಾ. ಫ್ರಂ ದ ಶೂಸ್."

ಹದಿನೈದು ವರ್ಷದ ಅನುಭವದ ಡಾಕ್ಟರಾದ ನಾನು, ಚಡ್ಡಿಯಲ್ಲೇ ಮತ್ತೆ ಚಳಿಗೆ ಹೋಗಿ ನಿಂತು, ಕಳಚಿಟ್ಟ ಶೂಗೆ ಬೆರಳು ತೋರಿಸಿ, ಅಳುತ್ತಲೇ ಜೋರಾಗಿ ಕೂಗಿದೆ.