ಬೀಗರ ಮನೆಯ ಮೊದಲ ತುತ್ತು

ದೀಪಾವಳಿ ಮುಗಿದ ಮರುವಾರ ನಾನೂ ಗಂಗವ್ವನೂ ಮೊರಬದಿಂದ ಬೆಳಗಿನ ಬಸ್ಸು ಹಿಡಿದೆವು. ಗಂಗವ್ವ ನನ್ನ ನಾದಿನಿ, ನಿಮ್ಮ ಅಜ್ಜನ ತಂಗಿ. ನೀವು ಆಕೆಯನ್ನು ಕಂಡಿಲ್ಲ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಕಲಘಟಗಿ ದಾಟಿ ನಿಮ್ಮೂರಿಗೆ ಹೋಗುವುದಿತ್ತು. ಇದು ಎಂಬತ್ತರ ದಶಕದ ನಡುವಿನ ಮಾತು. ನಮ್ಮೂರಿಗೆ ಗ್ಯಾಸಿನ ಒಲೆ ಇನ್ನೂ ಬಂದಿರಲಿಲ್ಲ. ನನ್ನ ಮಗಳಿಗೆ, ನಿಮ್ಮವ್ವ ಶಾಂತಾಗೆ, ಆಗ ಐದು ತಿಂಗಳು. ಮೊದಲಿನ ಬಸಿರು ನಿಂತಿರಲಿಲ್ಲ. ಈ ಸಲ ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ತಟ್ಟೆ ಕಂಡರೆ ಮುಖ ತಿರುವುತ್ತಾಳೆ, ಬಂದು ನೋಡಿ ಹೋಗಿರಿ ಎಂದು ನಿಮ್ಮಪ್ಪ ಹೇಳಿ ಕಳಿಸಿದ್ದರು. ಅಷ್ಟು ಕೇಳಿದ ಮೇಲೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ.

ನನಗೆ ಒಂದೇ ನಂಬಿಕೆ: ಹುಡುಗಿ ರೊಟ್ಟಿ ಸಿಗದೆ ಸೊರಗಿದ್ದಾಳೆ. ನಮ್ಮದು ಎರೆಭೂಮಿ, ಜೋಳದ ನಾಡು. ಅನ್ನ ಎಂದರೆ ನಮಗೆ ಹಬ್ಬದ ದಿನ ಕೊನೆಗೆ ಬಡಿಸುವ ಒಂದು ಹಿಡಿ, ಇಲ್ಲವೇ ಜ್ವರ ಬಂದವರಿಗೆ ಗಂಜಿ. ಶಾಂತಾಳನ್ನು ಕೊಟ್ಟದ್ದು ಗದ್ದೆಯ ಸೀಮೆಗೆ. ಹಾಗಾಗಿ ಹಿಂದಿನ ದಿನವೆಲ್ಲ ಒಲೆ ಮುಂದೆ ಕುಳಿತು ಬಯಕೆಯ ಬುತ್ತಿ ಕಟ್ಟಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಬೆಳ್ಳುಳ್ಳಿ ಒಗ್ಗರಣೆಯ ಪುಂಡಿಪಲ್ಯ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಯ ಚಟ್ನಿಪುಡಿ, ಶೇಂಗಾದ ಹೋಳಿಗೆ. ಅದರ ಬಾಜು ಇನ್ನೊಂದು ಸಣ್ಣ ಗಂಟು. ಅದು ನಮ್ಮಿಬ್ಬರ ಊಟಕ್ಕೆ.

ಆ ಸಣ್ಣ ಗಂಟಿನ ಕತೆ ಹೇಳಬೇಕು. ನಿಮ್ಮ ಅಜ್ಜನ ಮನೆತನದಲ್ಲಿ ಒಂದು ರೂಢಿ ಇತ್ತು. ಮಗಳು ಹಡೆದು ಕೂಸನ್ನು ತೊಟ್ಟಿಲಿಗೆ ಹಾಕುವ ತನಕ ತಾಯಿಯಾದವಳು ಬೀಗರ ಮನೆಯ ಅನ್ನ, ಅಲ್ಲಿ ಬೇಯಿಸಿದ್ದು ಯಾವುದನ್ನೂ ಮುಟ್ಟುವಂತಿಲ್ಲ. ಏಕೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಶಾಂತಾಳ ಮದುವೆಯಾದ ಮೇಲೆ ನಾಲ್ಕಾರು ಸಲ ಹೋಗಿದ್ದೆ. ಪ್ರತಿ ಸಲವೂ ನನ್ನ ಬುತ್ತಿ ನನ್ನ ಕಂಕುಳಲ್ಲಿತ್ತು. ಗಂಡ ತೀರಿಕೊಂಡ ಮೇಲಂತೂ ನನಗೆ ರೂಢಿಗಳ ಅಂಜಿಕೆ ಹೆಚ್ಚಾಗಿತ್ತು. ಏನಾದರೂ ಹೆಚ್ಚುಕಡಿಮೆಯಾದರೆ ಜನ ಮೊದಲು ನೋಡುವುದು ವಿಧವೆಯ ಕಡೆಗೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೆರಗು ಹೊದ್ದು ಕುಳಿತೆ. ಬುತ್ತಿ ತೊಡೆಯ ಮೇಲೆ ಬೆಚ್ಚಗಿತ್ತು. ರಸ್ತೆಯ ಎರಡೂ ಕಡೆ ಜೋಳ ಮೊಣಕಾಲುದ್ದ ಬಂದಿತ್ತು, ತಂಪು ಗಾಳಿ ಬೀಸುತ್ತಿತ್ತು. ಹುಬ್ಬಳ್ಳಿಗೆ ಟಿಕೆಟ್ಟು ಮೂರು ರೂಪಾಯಿಯ ಮೇಲೆ ಚಿಲ್ಲರೆ. ಸ್ಟ್ಯಾಂಡಿನಲ್ಲಿ ಗಂಗವ್ವ ಚಹಾ ಕುಡಿಸಿದಳು. ಹೊರಗೆ ಕರಿಯುತ್ತಿದ್ದ ಮಿರ್ಚಿಯ ವಾಸನೆಗೆ ಆಕೆ ನನಗಿಂತ ಮೊದಲು ಮೂಗು ಅರಳಿಸಿ, ನಾನು ನೋಡಿದೆನೆಂದು ಗೊತ್ತಾದ ಮೇಲೆ, ಹೋಟೆಲಿನ ಎಣ್ಣೆ ಬಲು ಕೆಟ್ಟದ್ದು ಎಂದಳು.

ಕಲಘಟಗಿ ಬಸ್ಸಿನಲ್ಲಿ ಆ ಕಡೆಯ ಹೆಣ್ಣುಮಗಳೊಬ್ಬಳು ನಮ್ಮ ಜೊತೆ ಕುಳಿತಳು. ಪುಂಡಿಪಲ್ಯದ ವಾಸನೆಗೇ ಮಾತು ತೆಗೆದಳು. ಏನೇನು ಕಟ್ಟಿದ್ದೀರಿ ಎಂದು ಕೇಳಿ, ಗಂಗವ್ವ ಒಂದೊಂದೇ ಹೆಸರು ಹೇಳಿ ಮುಗಿಸುವ ತನಕ ತಲೆಯಾಡಿಸಿದಳು. ಆಮೇಲೆ ತಮ್ಮಲ್ಲಿ ಹಗಲೂ ಅನ್ನ, ರಾತ್ರಿಯೂ ಅನ್ನ, ಮುಂಜಾನೆ ತಂಗಳನ್ನಕ್ಕೆ ಮಜ್ಜಿಗೆ ಎಂದು ಹೇಳಿದಳು.

“ನಿಮ್ಮ ಕಟಕರೊಟ್ಟಿ ತಿಂದ್ರ ನಮ್ಮ ಹಲ್ಲು ಕೈಯಾಗ ಬರ್ತಾವ್ರಿ,” ಎಂದು ನಕ್ಕಳು.

“ನಿಮ್ಮ ಅನ್ನ ಉಂಡ್ರ ಊರ ಅಗಸಿ ದಾಟೂದ್ರಾಗ ಮತ್ತ ಹಸಿವಿ,” ಎಂದಳು ಗಂಗವ್ವ. “ನಾವು ಒಂದ ರೊಟ್ಟಿ ಮ್ಯಾಲ ಹೊತ್ತು ಮುಳುಗೂತನಾ ಕಳೇ ತಗೀತೇವಿ.”

ಟಿಕೆಟ್ಟು ಹರಿಯುತ್ತಿದ್ದ ಕಂಡಕ್ಟರ್, ರೊಟ್ಟಿ ಉಂಡವರು ಗಟ್ಟಿ ಇದ್ದರೆ ಹಿಂದೆ ನಿಲ್ಲಲಿ, ಅನ್ನ ಉಂಡವರು ಕೂಡ್ರಲಿ ಎಂದ. ಬಸ್ಸೆಲ್ಲ ನಕ್ಕಿತು. ನಾನೂ ಸೆರಗಿನೊಳಗೆ ನಕ್ಕೆ. ಆ ಹೆಣ್ಣುಮಗಳು ಇಳಿಯುವಾಗ ಗಂಗವ್ವನಿಂದ ಒಂದು ಸಜ್ಜೆ ರೊಟ್ಟಿ ಇಸಿದುಕೊಂಡೇ ಇಳಿದಳು.

ನಿಮ್ಮೂರು ತಲುಪಿದಾಗ ಮಧ್ಯಾಹ್ನ ತಿರುಗಿತ್ತು. ಗದ್ದೆಗಳು ಹಳದಿಯಾಗಿದ್ದವು, ಕೆಲವು ಕಡೆ ಕೊಯ್ಲು ಹತ್ತಿತ್ತು. ನಿಮ್ಮ ಅಪ್ಪನ ತಾಯಿ ನೀಲವ್ವ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟರು. ಅವರು ಕಡಿಮೆ ಮಾತಿನವರು. ನನಗೆ ಅವರನ್ನು ಕಂಡರೆ ಮೊದಲಿಂದಲೂ ಹಿಂಜರಿಕೆ. ಅವರ ಹಿಂದೆ ಶಾಂತಾ ನಿಂತಿದ್ದಳು. ಬಳೆ ಮೊಣಕೈ ತನಕ ಜಾರುವಷ್ಟು ಕೈ ಸಣ್ಣಗಾಗಿತ್ತು.

ನಾನು ಕುಳಿತದ್ದೇ ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿಯಲ್ಲಿ ಪುಂಡಿಪಲ್ಯವಿಟ್ಟು, ಮೇಲೆ ಎಣ್ಣೆ ಹಾಕಿ ಕೊಟ್ಟೆ. ಅವಳು ಆಸೆಯಿಂದಲೇ ಎರಡು ತುತ್ತು ತಿಂದಳು. ಮೂರನೆಯದಕ್ಕೆ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ಎಣ್ಣೆಗಾಯಿ ಬೇಡ, ಹೋಳಿಗೆ ಬೇಡ, ಹಿಂಡಿಯೂ ಬೇಡ. ಇಷ್ಟು ದೂರ ಹೊತ್ತು ತಂದದ್ದನ್ನೆಲ್ಲ ನೀಲವ್ವ ತಟ್ಟೆ ಮುಚ್ಚಿ ಒಳಗಿಟ್ಟರು. ನನ್ನ ಹತ್ತಿರ ಇನ್ನು ಬೇರೆ ಮದ್ದಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಡಿಗೆಮನೆಯಿಂದ ಹೊಸ ಅಕ್ಕಿ ಬೇಯುವ ವಾಸನೆ ಬಂತು. ಇಣುಕಿ ನೋಡಿದೆ. ಬೇಡವೆಂದರೂ ಕೇಳದೆ ಶಾಂತಾ ತಾನೇ ಅನ್ನ ಬಸಿಯುತ್ತಿದ್ದಳು. ನಮ್ಮ ಮನೆಯಲ್ಲಿದ್ದಾಗ ಅನ್ನ ಮಾಡೆಂದರೆ ಮುದ್ದೆ ಮಾಡುತ್ತಿದ್ದ ಹುಡುಗಿ, ಈಗ ಗಡಿಗೆಯನ್ನು ಓರೆ ಹಿಡಿದು ಗಂಜಿಯನ್ನು ಒಂದು ಹನಿ ಚೆಲ್ಲದೆ ಬಸಿದಳು. ಹುರುಳಿ ಕಟ್ಟಿನ ಸಾರು ಕುದಿಯುತ್ತಿತ್ತು. ನಾನು ಹೊರಗೆ ಬಂದು, ಗಂಗವ್ವನ ಎದುರು ಕುಳಿತು ನಮ್ಮ ಸಣ್ಣ ಗಂಟು ಬಿಚ್ಚಿದೆ.

ಆಗ ಶಾಂತಾ ಒಂದು ತಟ್ಟೆಯಲ್ಲಿ ಅನ್ನ-ಸಾರು ಬಡಿಸಿಕೊಂಡು ಬಂದು ನಮ್ಮಿಬ್ಬರ ನಡುವೆ ಇಟ್ಟಳು. ಇಟ್ಟು, ತಾನು ಕಂಬಕ್ಕೆ ಒರಗಿ ಕುಳಿತಳು. ಉಣ್ಣಲಿಲ್ಲ, ಏಳಲೂ ಇಲ್ಲ. ನಾನು ನನ್ನ ರೊಟ್ಟಿ ಮುರಿಯುವುದನ್ನು ನೋಡುತ್ತಿದ್ದಳು.

ನೀಲವ್ವ ಒಳಬಾಗಿಲಲ್ಲಿ ನಿಂತರು.

“ಬೀಗರ, ಒಂದ ಮಾತು ಹೇಳತೇನಿ, ಸಿಟ್ಟ ಆಗಬ್ಯಾಡ್ರಿ. ನೀವು ಬಂದಾಗೊಮ್ಮೆ ಈಕಿ ಅಡಿಗಿ ಮಾಡತಾಳ, ನೀವು ಗಂಟು ಬಿಚ್ಚತೀರಿ. ನೀವು ಹೋದ ಮ್ಯಾಲ ಎರಡು ದಿನ ಈಕಿ ಒಲಿ ಕಡೆ ಹೊಳ್ಳಿ ನೋಡಂಗಿಲ್ಲ. ಅವ್ವ ಮುಟ್ಟಲಾರದ ಅನ್ನ ಮಗಳ ಗಂಟಲದಾಗ ಹ್ಯಾಂಗ ಇಳೀಬೇಕು?”

ಗಂಗವ್ವ ರೂಢಿಯ ಮಾತು ತೆಗೆದಳು. ತನ್ನ ಅವ್ವ, ಅಜ್ಜಿ, ಯಾರೂ ಮುರಿದವರಿಲ್ಲ, ಅದೂ ಒಂದು ಬಸಿರು ಹೋದ ಮೇಲೆ ಇಂಥ ಧೈರ್ಯ ಬೇಡ ಎಂದಳು. ಆ ಮಾತು ನನ್ನ ಎದೆಗೇ ನಟ್ಟಿತು. ನನ್ನ ಅಂಜಿಕೆಯೂ ಅದೇ ಆಗಿತ್ತು. ಇವತ್ತು ಉಂಡು, ನಾಳೆ ಏನಾದರೂ ಆದರೆ?

ಶಾಂತಾ ನನ್ನನ್ನೇ ನೋಡಿ ಮೆಲ್ಲಗೆ ಹೇಳಿದಳು. “ಯವ್ವಾ, ಮದವಿ ಆದಾಗಿಂದ ನಾ ಮಾಡಿದ್ದು ನೀ ಒಮ್ಮೆರ ಉಂಡಿಯೇನ ಬೇ?”

ಕಂಬಕ್ಕೆ ಒರಗಿದ ಆ ಸಣ್ಣ ಮುಖ ನೋಡಿದೆ. ನಾಳೆಯ ಅಂಜಿಕೆಗಾಗಿ ಇವತ್ತು ಹುಡುಗಿಯನ್ನು ಉಪವಾಸ ಕೆಡವುತ್ತಿದ್ದೇನೆ ಎನ್ನಿಸಿತು. ರೊಟ್ಟಿಯನ್ನು ಗಂಟಿಗೆ ಹಾಕಿ, ಕೈ ತೊಳೆದು ತಟ್ಟೆ ಹತ್ತಿರ ಎಳೆದುಕೊಂಡೆ.

ಈಗ ನೀವು ನಗುವ ಮಾತು. ನನಗೆ ತಟ್ಟೆ ತುಂಬ ಅನ್ನ ಉಣ್ಣುವುದು ಗೊತ್ತಿರಲಿಲ್ಲ. ರೊಟ್ಟಿ ಮುರಿದು ಪಲ್ಯ ಹಿಡಿಯುವ ಹಾಗೆ ಮೂರು ಬೆರಳಲ್ಲಿ ಅನ್ನ ಹಿಡಿದು ಸಾರಿಗೆ ಅದ್ದಲು ಹೋದೆ. ಅನ್ನವೆಲ್ಲ ಸಾರಿಗೆ ಬಿದ್ದು ಬರಿಯ ಬೆರಳು ಬಾಯಿಗೆ ಬಂತು. ಎರಡನೆಯ ಸಲ ಅರ್ಧ ಸೀರೆಯ ಮೇಲೆ. ಶಾಂತಾ ಮೊದಲು ತುಟಿ ಕಚ್ಚಿದಳು, ಆಮೇಲೆ ತಡೆಯಲಾರದೆ ನಕ್ಕಳು. ಎಷ್ಟೋ ತಿಂಗಳಾದ ಮೇಲೆ ಕೇಳಿದ ನಗೆ. ನನ್ನ ಕೈ ಸರಿಸಿ ತಾನೇ ಕಲಸಿದಳು. ಒಂದು ತುತ್ತು ಮಾಡಿ ನನ್ನ ಕೈಗಿಟ್ಟಳು.

“ಇದು ನಿನಗ,” ಎಂದಳು. ಇನ್ನೊಂದು ಮಾಡಿ, “ಇದು ನನಗ,” ಎಂದು ತನ್ನ ಬಾಯಿಗೆ ಹಾಕಿಕೊಂಡಳು.

ಹಾಗೇ ತಟ್ಟೆ ಬರಿದಾಯಿತು. ನೀಲವ್ವ ಮತ್ತೆ ಬಡಿಸಿದರು. ಅದೂ ಹೋಯಿತು. ಆಮೇಲೆ ನಾವು ಅದೂ ಇದೂ ಮಾತಾಡುತ್ತ ಕುಳಿತೆವು, ಆದರೆ ನಮ್ಮ ಎಲ್ಲರ ಕಿವಿ ಬಚ್ಚಲ ಬಾಗಿಲ ಕಡೆ. ಶಾಂತಾ ಏಳಲಿಲ್ಲ. ನನ್ನ ತೊಡೆಯ ಮೇಲೆ ತಲೆಯಿಟ್ಟು, ಹುರುಳಿ ಕಟ್ಟಿಗೆ ನೀಲವ್ವ ಎಷ್ಟು ಹುಣಸೆಹಣ್ಣು ಹಾಕುತ್ತಾರೆ, ತಾನು ಎಷ್ಟು ಹಾಕುತ್ತೇನೆ ಎಂದು ಹೇಳುತ್ತ ಹೇಳುತ್ತ ನಿದ್ದೆ ಹೋದಳು.

ಗಂಗವ್ವ ಆ ಸಂಜೆ ನನ್ನ ಜೊತೆ ಮಾತಾಡದೆ, ಎಲ್ಲರಿಗೂ ಕೇಳುವ ಹಾಗೆ ಕಟಕರೊಟ್ಟಿ ಕಡಿದಳು. ಮುಂಜಾನೆ ಎದ್ದು ನೋಡಿದರೆ, ನೀಲವ್ವ ಕೊಟ್ಟ ಹೊಸ ಅವಲಕ್ಕಿಗೆ ಕೆನೆಮೊಸರು ಬೆಲ್ಲ ಹಾಕಿಕೊಂಡು ಉಣ್ಣುತ್ತ ಕುಳಿತಿದ್ದಳು. ನಾನು ನೋಡಿದ್ದೇ, ಕೇಳುವ ಮೊದಲೇ ಹೇಳಿದಳು. “ರೂಢಿ ಇರೂದು ತಾಯಿಗೆ, ವೈನಿ. ಸೋದರತ್ತಿಗೆ ಎಲ್ಲೈತಿ?”

ನೀಲವ್ವ ಮೊದಲ ಸಲ ನನ್ನ ಕಡೆ ನೋಡಿ ನಕ್ಕರು. ನನಗೂ ಒಂದು ಬಟ್ಟಲು ಅವಲಕ್ಕಿ ತಂದುಕೊಟ್ಟರು. ಒಲೆ ಮುಂದೆ ಅವರ ಪಕ್ಕದಲ್ಲೇ ಕುಳಿತು ಉಂಡೆ. ಆ ಒಲೆ, ಆ ಹೊಗೆಹಿಡಿದ ಗೋಡೆ ಈಗ ನಿಮ್ಮ ಮನೆಯಲ್ಲಿಲ್ಲ. ನೀಲವ್ವನೂ ಇಲ್ಲ. ಹೊಸ ಅಕ್ಕಿ ಎಲ್ಲಿ ಬೆಂದರೂ ನನಗೆ ಮಾತ್ರ ಅವರ ಅಡಿಗೆಮನೆಯೇ ಕಾಣುತ್ತದೆ.

ಮಧ್ಯಾಹ್ನದ ಬಸ್ಸಿಗೆ ಶಾಂತಾ ರಸ್ತೆಯ ತನಕ ಬಂದಳು. ಅಂಜಿಕೆ ನನ್ನಿಂದ ಪೂರ್ತಿ ಹೋಗಿರಲಿಲ್ಲ. ಮುಂದಿನ ನಾಲ್ಕು ತಿಂಗಳು, ಕೂಸು ತೊಟ್ಟಿಲಿಗೆ ಬರುವ ತನಕ, ನಾನು ದೇವರ ಮುಂದೆ ಕಳೆದದ್ದೇ ಹೆಚ್ಚು. ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಅವಳು ಹುಣಸೆಮರದ ಕೆಳಗೆ ಕೈಯೆತ್ತಿ ನಿಂತಿದ್ದಳು, ಬಾಯಿ ಆಡುತ್ತಿತ್ತು. ಏನೋ ಹೇಳುತ್ತಿದ್ದಾಳೆಂದು ಕಿವಿಗೊಟ್ಟೆ. ಬಸ್ಸು ತಿರುವಿಗೆ ಬಂದಾಗ ತಿಳಿಯಿತು, ಅವಳು ಏನೂ ಹೇಳುತ್ತಿರಲಿಲ್ಲ, ತಿನ್ನುತ್ತಿದ್ದಳು.