ಶಿಬಿರದ ಜಗಲಿಯಲ್ಲಿ ನಮ್ಮತ್ತೆ

ನಮ್ಮತ್ತೆಯ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಜರಿಯ ಎಳೆಯನ್ನು ಬೆಳಕಿಗೆ ಹಿಡಿದು ನೋಡಲು ಕಿರಿದು ಮಾಡಿದ ಆ ಕಣ್ಣು, ಮನುಷ್ಯರನ್ನು ನೋಡುವಾಗಲೂ ಹಾಗೆಯೇ ಉಳಿದುಬಿಟ್ಟಿತ್ತು. ಹಾಲಿನವಳು ಬಂದರೆ ಮೊದಲು ಪಾತ್ರೆಯನ್ನು, ಆಮೇಲೆ ಹಾಲನ್ನು, ಕೊನೆಗೆ ಅವಳ ಮುಖವನ್ನು ಆ ಕಣ್ಣಿನಿಂದ ನೋಡುತ್ತಿದ್ದಳು. ಡಾಕ್ಟರು ಕೊಟ್ಟ ಮಾತ್ರೆಯನ್ನು ಮೂಸಿ ನೋಡದೆ ನುಂಗಿದವಳಲ್ಲ. ಬಸ್ಸಿನ ಬೋರ್ಡು ಓದಲು ಅವಳಿಗೆ ಬರುತ್ತಿತ್ತು. ಆದರೂ ಕಂಡಕ್ಟರನ್ನು ಕೇಳುತ್ತಿದ್ದಳು, ಅವನು ಹೇಳಿದ ಮೇಲೆ ಪಕ್ಕದಲ್ಲಿ ಕೂತವರನ್ನೂ ಕೇಳುತ್ತಿದ್ದಳು. ಎಲ್ಲರೂ ಒಂದೇ ಉತ್ತರ ಕೊಟ್ಟರೆ ನನ್ನ ಕಡೆ ತಿರುಗಿ ಮೆಲ್ಲಗೆ, “ಏನೋ ಐತೆ” ಅನ್ನುತ್ತಿದ್ದಳು.

ಅವಳು ಅಪ್ಪನ ಅಕ್ಕ. ಮದುವೆಯಾಗಿ ವರ್ಷ ತುಂಬುವ ಮೊದಲೇ ಮೊಳಕಾಲ್ಮೂರಿನ ನಮ್ಮ ಮನೆಗೆ ಮರಳಿ ಬಂದಿದ್ದಳು. ಯಾಕೆ ಬಂದಳೆಂದು ಯಾರಿಗೂ ಹೇಳಲಿಲ್ಲ. ಬಂದ ಮರುದಿನವೇ ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯಲು ಕೂತಳಂತೆ. ನಾನು ಹುಟ್ಟಿದಾಗಲೂ ಅಲ್ಲಿಯೇ ಕೂತಿದ್ದಳು. ಮಗ್ಗದ ಸದ್ದು ನಿಂತರೆ ನಾನು ತೊಟ್ಟಿಲಲ್ಲಿ ಅಳುತ್ತಿದ್ದೆ ಎಂದು ಅವ್ವ ಹೇಳುತ್ತಿದ್ದಳು.

ತೊಂಬತ್ತರ ದಶಕದ ಒಂದು ಬೇಸಿಗೆ. ನಾನು ಎಂಟನೇ ತರಗತಿ ಮುಗಿಸಿದ್ದೆ. ಊರಿನ ಶಾಲೆಯಲ್ಲಿ ಮಕ್ಕಳಿಗೆ ಕಥೆ, ಪದ್ಯ ಬರೆಯಲು ಕಲಿಸುವ ಶಿಬಿರ ಶುರುವಾಯಿತು. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಚಳ್ಳಕೆರೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಫೀಸಿಲ್ಲ. ನಡುವೆ ಒಂದು ಲೋಟ ಬೆಲ್ಲದ ಪಾನಕ ಬೇರೆ.

“ಫೀಸು ತಗಳಲ್ಲ, ಪಾನಕಾನೂ ಕೊಡ್ತಾನೆ. ಯಾವ ಮನುಷ್ಯ ಹಿಂಗ್ ಮಾಡ್ತಾನೆ ಹೇಳು?” ಎಂದಳು ಅತ್ತೆ. ಆದರೆ ನನ್ನನ್ನು ಶಿಬಿರ ಬಿಡಿಸಲಿಲ್ಲ. ಬೆಳಗಿನ ಹೊತ್ತು ಮಗ್ಗ ಬಿಟ್ಟು ನನ್ನ ಜೊತೆಗೇ ಬಂದಳು. ಶಾಲೆಯ ಜಗಲಿಯಲ್ಲಿ, ನಮ್ಮ ಕೋಣೆಯ ಕಿಟಕಿಯ ಕೆಳಗೆ ಕೂತು, ಸಿಕ್ಕುಗಟ್ಟಿದ ರೇಷ್ಮೆ ಬಿಡಿಸುತ್ತ ಒಳಗಿನ ಮಾತಿಗೆ ಕಿವಿಗೊಟ್ಟಳು.

“ಚಳ್ಳಕೆರೆಯಾಗೆ ಮಕ್ಕಳಿಲ್ವೇನ್ರಿ ಮೇಷ್ಟ್ರೇ?” ಎಂದು ಮೊದಲ ದಿನವೇ ಕೇಳಿದಳು.

“ಅದಾವಮ್ಮ. ಅಲ್ಲಿ ಮುಗಿಸ್ಕಂಡೇ ಬಂದೀನಿ.”

ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ, “ಓಡ್ಸಿರ್ತಾರೆ ಬಿಡು” ಎಂದಳು.

ಇನ್ನೊಂದು ದಿನ ಮೇಷ್ಟ್ರು, ಇಲ್ಲದ್ದನ್ನು ಕಲ್ಪಿಸಿಕೊಂಡು ಬರೆಯಿರಿ ಎಂದರು. ಕಿಟಕಿಯಾಚೆಯಿಂದ ದನಿ ಬಂತು: “ಮನ್ಯಾಗೆ ಸುಳ್ಳು ಹೇಳಿದ್ರೆ ಹೊಡಿತೀವಿ. ಇಲ್ಲಿ ಕೂಡ್ಸಿ ಹೇಳ್ಕೊಡ್ತಾರೆ!” ಮಕ್ಕಳೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು. ಅವರು ನಕ್ಕಿದ್ದು ಅತ್ತೆಗೆ ಇನ್ನಷ್ಟು ಅನುಮಾನ ತಂದಿತು.

ಶಿಬಿರ ಮುಗಿಯಲು ಒಂದು ವಾರವಿದ್ದಾಗ ಮೇಷ್ಟ್ರು ಹೇಳಿದರು: “ನಿಮ್ಮನೇಲಿರೋ ಒಂದು ವಸ್ತು. ಅದನ್ನ ನೋಡೇ ಇಲ್ಲದ ನನ್ನ ಕಣ್ಣಿಗೆ ಕಾಣೋ ಹಂಗೆ ಬರೀರಿ. ಕೊನೇ ದಿನ ಅಪ್ಪ ಅವ್ವಂದಿರ ಮುಂದೆ ಓದೋದು ಅದನ್ನೇ.” ನಾನು ಅತ್ತೆಯ ಮಗ್ಗದ ಮೇಲಿದ್ದ ಸೀರೆಯ ಅಂಚಿನ ಬಗ್ಗೆ ಬರೆದೆ. ಅತ್ತೆ ತಾನೇ ಯೋಚಿಸಿ ಹಾಕಿದ ಹೊಸ ಅಂಚು ಅದು. ಬೇರೆಯವರು ಮನೆಗೆ ಬಂದರೆ ಅದರ ಮೇಲೆ ಬಟ್ಟೆ ಹೊದಿಸುತ್ತಿದ್ದಳು. ನಮ್ಮೂರಲ್ಲಿ ಎಲ್ಲ ಮನೆಗಳಲ್ಲೂ ಹಾಗೇ. ಸೀರೆ ಮಗ್ಗದಿಂದ ಇಳಿದು, ನೇಯಲು ಕೊಟ್ಟ ಸಾವುಕಾರರ ಕೈ ಸೇರುವವರೆಗೆ ಹೊಸ ಅಂಚಿನ ಗುಟ್ಟು ಬೀದಿಗೆ ಹೋಗಬಾರದು. ಹೋದರೆ ಮುಂದೆ ಆ ಮನೆಗೆ ಹೊಸ ಕೆಲಸ ಬರುವುದಿಲ್ಲ. ಇದು ನನಗೂ ಗೊತ್ತಿತ್ತು. ಆದರೆ ಗುಟ್ಟು ಎಂದರೆ ಬಾಯಲ್ಲಿ ಹೇಳಬಾರದ್ದು ಎಂದುಕೊಂಡಿದ್ದೆ. ಬರೆಯುವುದೂ ಹೇಳಿದಂತೆಯೇ ಎಂದು ಹೊಳೆದಿರಲಿಲ್ಲ.

ಮರುದಿನ ಮೇಷ್ಟ್ರಿಗೆ ಓದಿ ತೋರಿಸಲು ಎದ್ದು ನಿಂತೆ. “ನಮ್ಮ ಮನೆಯ ಮಗ್ಗದ ಮೇಲೆ ಗಿಳಿಗಳ ಅಂಚು ಇದೆ. ಆ ಗಿಳಿಗಳು...”

ಅಷ್ಟರಲ್ಲಿ ಅತ್ತೆ ಒಳಗೆ ಬಂದಿದ್ದಳು. ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಮೇಷ್ಟ್ರ ಎದುರು ನಿಂತಳು.

“ಯಾರು ಕಳಿಸಿದ್ದು ನಿಮ್ಮನ್ನ?”

“ಅಂದ್ರೆ?”

“ಯಾವ ಸಾವ್ಕಾರ್ರು ಅಂತ. ನೇಕಾರ್ರ ಮಕ್ಕಳನ್ನ ಕೂಡ್ಸಿ, ಮನ್ಯಾಗೆ ಏನೈತೆ ಬರೀರಿ ಅಂದ್ರೆ, ನಮಗೆ ತಿಳಿಯಲ್ಲ ಅಂದ್ಕಂಡ್ರಾ?”

ಮೇಷ್ಟ್ರ ಮುಖ ಸಣ್ಣದಾಯಿತು. “ಅಮ್ಮಾ, ನನಗೆ ಅಂಚು ಯಾವ್ದು, ಸೆರಗು ಯಾವ್ದು ಅಂತಾನೇ ಗೊತ್ತಿಲ್ಲ.”

“ಎಲ್ಲಾರೂ ಹಂಗೇ ಅಂತಾರೆ” ಎಂದು ಹೊರಟೇಬಿಟ್ಟಳು.

ಬೇರೆ ಏನಾದರೂ ಬರಿ ಎಂದರು ಮೇಷ್ಟ್ರು. ಬರೆಯಲು ಕೂತರೆ ಕಣ್ಣೀರು ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಯಾರೂ ಹೇಳಿಕೊಡದೆ ನಾನು ಬರೆದ ಮೊದಲ ಬರಹ ಅತ್ತೆ ಕಿತ್ತುಕೊಂಡ ಆ ಹಾಳೆಯಲ್ಲಿತ್ತು.

ಮರುದಿನದಿಂದ ಅತ್ತೆ ಜಗಲಿಗೆ ಬರಲಿಲ್ಲ. ನಲ್ಲಿಯಲ್ಲಿ ನೀರು ಬರುವ ಮೊದಲೇ ಮಗ್ಗಕ್ಕೆ ಇಳಿಯುತ್ತಿದ್ದಳು. ಊಟಕ್ಕೆ ಎದ್ದರೆ ಎದ್ದಳು, ಇಲ್ಲವಾದರೆ ಇಲ್ಲ. ದೀಪ ಹಚ್ಚುವ ಹೊತ್ತಿಗೂ ಲಾಳಿ ಓಡುತ್ತಲೇ ಇರುತ್ತಿತ್ತು. ನನ್ನ ಮೇಲಿನ ಸಿಟ್ಟನ್ನು ಮಗ್ಗದ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ನಾನೂ ಮಾತಾಡಿಸಲಿಲ್ಲ.

ಕೊನೆಯ ದಿನ ಬರಿಗೈಯಲ್ಲೇ ಹೋದೆ. ಕೋಣೆಯ ತುಂಬ ನೇಕಾರರೇ. ಒಬ್ಬೊಬ್ಬರಾಗಿ ಎಲ್ಲ ಮಕ್ಕಳೂ ಓದಿದರು. ಮೇಷ್ಟ್ರು ನನ್ನ ಹೆಸರು ಕರೆಯಲೋ ಬೇಡವೋ ಎಂದು ನೋಡುತ್ತಿದ್ದಾಗ ಅತ್ತೆ ಬಂದಳು. ಎರಡೂ ಕಣ್ಣು ಕೆಂಪಗಾಗಿದ್ದವು. ಜನರನ್ನು ಸರಿಸಿ ಮುಂದೆ ಬಂದು, ಸೊಂಟಕ್ಕೆ ಸಿಕ್ಕಿಸಿದ್ದ ನನ್ನ ಹಾಳೆ ತೆಗೆದು ನನ್ನ ಕೈಗಿಟ್ಟಳು.

“ಬೆಳಿಗ್ಗೆ ಸೀರೆ ಇಳೀತು. ಸಾವ್ಕಾರ್ರು ತಗಂಡ್ ಹೋದ್ರು. ಈಗ ಓದು.”

ಓದಿದೆ. “ಆ ಗಿಳಿಗಳು ಮುಂದೆ ಹಾರುತ್ತಿದ್ದರೂ ಕತ್ತು ಹಿಂದಕ್ಕೆ ತಿರುಗಿಸಿವೆ. ಯಾರೋ ಹಿಂದೆ ಬರುತ್ತಿದ್ದಾರೆ ಎಂದು ಅವಕ್ಕೆ ಅನುಮಾನ. ನಮ್ಮತ್ತೆಗೂ ಹಾಗೆಯೇ.” ಇಡೀ ಕೋಣೆ ನಕ್ಕಿತು. ಯಾರು ನಕ್ಕಿದ್ದು ಎಂದು ಅತ್ತೆ ತಟ್ಟನೆ ಕತ್ತು ತಿರುಗಿಸಿ ನೋಡಿದಳು. ಜನ ಇನ್ನೂ ಜೋರಾಗಿ ನಕ್ಕರು.

ಹೊರಡುವಾಗ, “ಆ ಹಾಳೆ ಅವರ ಹತ್ರ ಬಿಡಬ್ಯಾಡ, ಇಸ್ಕಂಡು ಬಾ” ಎಂದಳು. ಮೇಷ್ಟ್ರು ನಗುತ್ತಲೇ ಕೊಟ್ಟರು. ಮನೆಗೆ ಬಂದವಳೇ ಅದನ್ನು ಒಲೆಗೆ ಹಾಕಿದಳು. ನಾನು ಅಳುವ ಮುಖ ಮಾಡಿದೆ. “ಎಲ್ಲಾರೂ ಕೇಳಿದ್ರಲ್ಲ, ಇನ್ನೇನು? ಬೇಕಾದ್ರೆ ಇನ್ನೊಂದು ಬರಿ” ಎಂದಳು. ನಾನು ಬರೆದದ್ದು ಚೆನ್ನಾಗಿತ್ತು ಎಂದು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

ಅತ್ತೆ ಹೋಗಿ ಒಂದೂವರೆ ತಿಂಗಳಾಯಿತು. ತಿಥಿಗೆ ಬಂದವರೆಲ್ಲ ಒಳ್ಳೆಯ ಜೀವ ಎಂದರು. ಅವಳು ಕೇಳಿಸಿಕೊಂಡಿದ್ದರೆ ಇವರಿಗೆ ಏನೋ ಬೇಕಾಗಿದೆ ಅನ್ನುತ್ತಿದ್ದಳು.

ಕೊನೆಯ ದಿನಗಳಲ್ಲಿ ಚಳ್ಳಕೆರೆಯ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತು ಕೇಳಿದ್ದೆ: “ಅತ್ತೆ, ಆ ಗಿಳಿ ಅಂಚಿನ ಸೀರೆ ಅಷ್ಟು ಬೇಗ ಮುಗಿಸಿದ್ದು ನನಗೋಸ್ಕರ ತಾನೆ?”

ಎಡಗಣ್ಣು ಕಿರಿದಾಯಿತು. “ಯಾರಂದ್ರು ನಿಂಗೆ? ಸಾವ್ಕಾರ ಅವಸರ ಮಾಡ್ದ.”

ಆ ಬೆಳಿಗ್ಗೆ ಸಾವುಕಾರರು ಸೀರೆ ನೋಡಿ ಗಾಬರಿಯಾಗಿ, “ನಾನು ಕೇಳಿದ್ದು ಶ್ರಾವಣಕ್ಕಲ್ವೇನಮ್ಮ, ಈಗ್ಲೇ ಯಾಕೆ?” ಎಂದದ್ದನ್ನು ಅವ್ವ ಎಂದೋ ನನಗೆ ಹೇಳಿದ್ದಳು. ಅದನ್ನು ಅತ್ತೆಗೆ ಹೇಳಲಿಲ್ಲ. ಹೂಂ ಎಂದು ಹೊದಿಕೆ ಸರಿಮಾಡಿದೆ. ಅವಳ ಮಾತನ್ನು ನಂಬಲಿಲ್ಲ, ಅಷ್ಟೆ. ಯಾರು ಏನೇ ಹೇಳಿದರೂ ಸುಮ್ಮನೆ ನಂಬಬಾರದು ಎಂದು ನನಗೆ ಕಲಿಸಿದವಳು ಅವಳೇ.